ಬ್ಯಾಡ್ ರಿಲಿಜನ್: 1994ರ ನಂತರದ್ದು ಕೇಳಬೇಕಾ, ಬಿಡಬೇಕಾ?

ಟ್ಯಾಕ್ಸಿ_ಸಂತು
ಎಲ್ಲರಿಗೂ ನಮಸ್ಕಾರ. ಇಲ್ಲಿ ಮೆಟಲ್ ಬಗ್ಗೆ ವಾರಕ್ಕೊಂದು ಜಗಳ ಆಗುತ್ತದೆ, ಪಂಕ್ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಸರಿ, ನಾನೇ ಶುರು ಮಾಡುತ್ತೇನೆ.

ವಿಷಯ ಬ್ಯಾಡ್ ರಿಲಿಜನ್. ಲಾಸ್ ಏಂಜಲೀಸ್ ಕಡೆಯ ಬ್ಯಾಂಡ್. 1980ರಲ್ಲಿ ಹೈಸ್ಕೂಲ್ ಹುಡುಗರು ಕಟ್ಟಿದ್ದು, ಇನ್ನೂ ನಿಂತಿಲ್ಲ. 2019ರ ಹೊತ್ತಿಗೆ 17 ಸ್ಟುಡಿಯೋ ಆಲ್ಬಮ್ ಆಗಿದ್ದವು. ಮೊನ್ನೆ ಗೆಳೆಯನೊಬ್ಬನ ಜೊತೆ ವಾದಕ್ಕೆ ಬಿದ್ದೆ. ಗಿಟಾರಿಸ್ಟ್ ಬ್ರೆಟ್ ಗುರೆವಿಟ್ಜ್ 1994ರಲ್ಲಿ ಬಿಟ್ಟು ಹೋದ ದಿನವೇ ಬ್ಯಾಂಡ್ ಸತ್ತಿತು, ಆಮೇಲಿನದ್ದು ಬರೀ ಬೋರ್ಡು ಅಂತ ಅವನ ವಾದ. ನನಗೆ ಸಿಟ್ಟು ಬಂತು. ಯಾಕಂದ್ರೆ ಈ ಬ್ಯಾಂಡ್ ನನಗೆ ಗೊತ್ತಾಗಿದ್ದೇ ಕ್ರೇಜಿ ಟ್ಯಾಕ್ಸಿ ಗೇಮ್‌ನಿಂದ, ಕಾಲೇಜಿನ ಹಿಂದಿನ ಸೈಬರ್ ಕೆಫೆಯಲ್ಲಿ. ಅದರಲ್ಲಿದ್ದ ಹಾಡುಗಳೆಲ್ಲ 1994ರಿಂದ 1998ರ ಒಳಗಿನವು. ಅವು ಸತ್ತ ಬ್ಯಾಂಡಿನ ಹಾಡುಗಳ ತರಹ ಇಲ್ಲವೇ ಇಲ್ಲ.

ಎರಡು ಪ್ರಶ್ನೆ. ಬ್ರೆಟ್ ಇಲ್ಲದ ಕಾಲದ ಆಲ್ಬಮ್‌ಗಳನ್ನು ಬಿಟ್ಟುಬಿಡಬಹುದಾ? ಮತ್ತೆ, ಪಂಕ್ ಬ್ಯಾಂಡ್ ಅಂದರೆ ನಾಲ್ಕು ವರ್ಷದಲ್ಲಿ ಹೊಡೆದಾಡಿಕೊಂಡು ಮುಗಿದು ಹೋಗಬೇಕಲ್ವಾ, ಇವರು ಇಷ್ಟು ದಿನ ಬಾಳಿದ್ದು ಹೇಗೆ?

ಹಳೇ_ಟೇಪು
ಕ್ರೇಜಿ ಟ್ಯಾಕ್ಸಿಯಲ್ಲಿ ಇದ್ದದ್ದು ಆಫ್‌ಸ್ಪ್ರಿಂಗ್ ಕಣಪ್ಪ.

ಟ್ಯಾಕ್ಸಿ_ಸಂತು
@ಹಳೇ_ಟೇಪು ಎರಡೂ ಬ್ಯಾಂಡಿನ ಹಾಡು ಇದ್ದವು ಅಣ್ಣ. ಬ್ಯಾಡ್ ರಿಲಿಜನ್‌ದು ‘ಟೆನ್ ಇನ್ 2010’, ‘ದೆಮ್ ಆ್ಯಂಡ್ ಅಸ್’, ‘ಇನ್ನರ್ ಲಾಜಿಕ್’, ‘ಹಿಯರ್ ಇಟ್’.

ಬೋರ್ಡ್_ಮುರಿದವ
ನಾನು ಟೋನಿ ಹಾಕ್ 2 ಪಾರ್ಟಿ. 2000ನೇ ಇಸವಿಯ ಆ ಗೇಮ್‌ನಲ್ಲಿ ‘ಯೂ’ ಅನ್ನುವ ಹಾಡಿತ್ತು, 1989ರ ‘ನೋ ಕಂಟ್ರೋಲ್’ ಆಲ್ಬಮ್‌ನದ್ದು. ಹಾಗಾಗಿ ನಾನು ಹುಟ್ಟಾ ಹಳೇ ಕಾಲದ ಪಕ್ಷಪಾತಿ. ನಿನ್ನ ಗೆಳೆಯ ಹೇಳಿದ್ದು ಸರಿ, ಸಂತು.

ವ್ಯಾಲಿ_ವಾಸು
ನಾನಿರುವುದು ಲಾಸ್ ಏಂಜಲೀಸ್ ಪಕ್ಕದ ಸ್ಯಾನ್ ಫರ್ನಾಂಡೋ ವ್ಯಾಲಿಯಲ್ಲೇ. ಊರು ತುಮಕೂರು. ಸ್ವಲ್ಪ ಹಿಂದಿನಿಂದ ಹೇಳುತ್ತೇನೆ, ಇಲ್ಲದಿದ್ದರೆ 1994ರ ಜಗಳ ಅರ್ಥ ಆಗುವುದಿಲ್ಲ.

ಈ ಹುಡುಗರು ಬಂದದ್ದು ವುಡ್‌ಲ್ಯಾಂಡ್ ಹಿಲ್ಸ್‌ನ ಎಲ್ ಕಮಿನೋ ರಿಯಲ್ ಹೈಸ್ಕೂಲಿನಿಂದ. ಗ್ರೆಗ್ ಗ್ರ್ಯಾಫಿನ್ ಹಾಡು, ಬ್ರೆಟ್ ಗುರೆವಿಟ್ಜ್ ಗಿಟಾರ್, ಜೇ ಬೆಂಟ್ಲಿ ಬೇಸ್, ಜೇ ಝಿಸ್ಕ್ರೌಟ್ ಡ್ರಮ್. ಗ್ರ್ಯಾಫಿನ್‌ಗೆ ಆಗ ಹದಿನೈದು ವರ್ಷ. ವಿಸ್ಕಾನ್ಸಿನ್‌ನಿಂದ ಅಮ್ಮನ ಜೊತೆ ಬಂದವನು, ಇಲ್ಲಿನ ಹುಡುಗರ ಜೊತೆ ಹೊಂದಿಕೊಳ್ಳಲು ಆಗದೆ ಪಂಕ್‌ಗೆ ಬಿದ್ದ. ಅವನ ಅಮ್ಮನ ಮನೆಯ ಗ್ಯಾರೇಜೇ ಪ್ರಾಕ್ಟೀಸ್ ಜಾಗ. ಅದಕ್ಕೆ ಅವರೇ ಇಟ್ಟ ಹೆಸರು ಹೆಲ್ ಹೋಲ್. ಬೇಸಿಗೆಯಲ್ಲಿ ಈ ವ್ಯಾಲಿಯ ಬಿಸಿಲು ನೋಡಿದವರಿಗೆ ಆ ಹೆಸರು ಯಾಕೆ ಅಂತ ವಿವರಿಸಬೇಕಾಗಿಲ್ಲ.

ಕಾಲವೂ ಹಾಗೇ ಇತ್ತು. 1980ರ ನವೆಂಬರ್‌ನಲ್ಲಿ ರೇಗನ್ ಗೆದ್ದರು. ಟೀವಿ ತುಂಬ ಕೋಟು ಹಾಕಿದ ಧರ್ಮಬೋಧಕರು, ಕೆಳಗೆ ದೇಣಿಗೆಗೆ ಫೋನ್ ನಂಬರ್. ಈ ಹುಡುಗರು ಬ್ಯಾಂಡ್‌ಗೆ ಆ ಹೆಸರಿಟ್ಟರು, ಬ್ರೆಟ್ ಒಂದು ಲೋಗೋ ಬರೆದ: ಶಿಲುಬೆಯ ಮೇಲೆ ‘ಪ್ರವೇಶವಿಲ್ಲ’ ಫಲಕದ ಕೆಂಪು ಗೆರೆ. ದೊಡ್ಡವರಿಗೆ ಉರಿಯಬೇಕು ಅನ್ನುವುದೇ ಉದ್ದೇಶ, ಉರಿಯಿತು.

ರೆಕಾರ್ಡ್ ಮಾಡಲು ಯಾರೂ ಮುಂದೆ ಬರಲಿಲ್ಲ. ಬ್ರೆಟ್ ಅಪ್ಪನ ಹತ್ತಿರ ಸಾಲ ಮಾಡಿ ಎಪಿಟಾಫ್ ಅಂತ ಸ್ವಂತ ಲೇಬಲ್, ಅಂದರೆ ರೆಕಾರ್ಡ್ ಕಂಪನಿ ಮಾಡಿದ. 1981ರಲ್ಲಿ ಮೊದಲ ಇಪಿ (ಕೆಲವೇ ಹಾಡಿನ ಚಿಕ್ಕ ರೆಕಾರ್ಡ್), 1982ರಲ್ಲಿ ಮೊದಲ ಪೂರ್ತಿ ಆಲ್ಬಮ್. ರಟ್ಟಿನ ಮೇಲೆ ಬೆಟ್ಟದಿಂದ ಕಾಣುವ ಲಾಸ್ ಏಂಜಲೀಸ್, ಪೂರ್ತಿ ಕೆಂಪು ಬಣ್ಣದಲ್ಲಿ. ಎಡ್ವರ್ಡ್ ಕೊಲ್ವರ್ ತೆಗೆದ ಫೋಟೋ. ಆ ಆಲ್ಬಮ್ ಮುಗಿಯುವ ಮೊದಲೇ ಝಿಸ್ಕ್ರೌಟ್ ಬಿಟ್ಟ, ಪೀಟ್ ಫೈನ್‌ಸ್ಟೋನ್ ಬಂದ. ಅಂದರೆ ಜನ ಬಿಟ್ಟು ಹೋಗುವುದು ಈ ಬ್ಯಾಂಡಿಗೆ 1994ರಲ್ಲಿ ಬಂದ ರೋಗ ಅಲ್ಲ.

ಹಳೇ_ಟೇಪು
ಎಪಿಟಾಫ್ ಕಟ್ಟಿದ್ದು ಆಫ್‌ಸ್ಪ್ರಿಂಗ್ ದುಡ್ಡಿನಲ್ಲಿ ಅಂತ ಕೇಳಿದ್ದೆ.

ವ್ಯಾಲಿ_ವಾಸು
@ಹಳೇ_ಟೇಪು ಆಫ್‌ಸ್ಪ್ರಿಂಗ್ ಬಂದದ್ದು ಎಷ್ಟೋ ವರ್ಷದ ಮೇಲೆ ಸಾರ್. ಎಪಿಟಾಫ್ ದೊಡ್ಡದಾಗಿದ್ದು ಅವರಿಂದ, ಹುಟ್ಟಿದ್ದು ಅಪ್ಪನ ಸಾಲದಿಂದ.

ಸಿಂಥ್_ಸುಮಾ
ಎಲ್ಲರೂ 1983 ದಾಟಿಕೊಂಡು ಹೋಗುತ್ತಿದ್ದೀರಿ. ‘ಇನ್‌ಟು ದಿ ಅನ್‌ನೋನ್’ ಬಗ್ಗೆ ಯಾರಾದರೂ ಮಾತಾಡಿ.

ಬೋರ್ಡ್_ಮುರಿದವ
ಬೇಡ ಮೇಡಂ. ಊಟದ ಹೊತ್ತು.

ಸಿಂಥ್_ಸುಮಾ
ಮಾತಾಡಲೇಬೇಕು. ಮೊದಲ ಆಲ್ಬಮ್ ಒಂದು ವರ್ಷದಲ್ಲಿ ಹತ್ತು ಸಾವಿರದಷ್ಟು ಮಾರಾಟ ಆಯಿತು. ಸ್ವಂತ ಲೇಬಲ್‌ನ ಹುಡುಗರಿಗೆ ಅದು ದೊಡ್ಡ ಸಂಖ್ಯೆ. ಅದರ ಬೆನ್ನಿಗೆ ಇವರು ಮಾಡಿದ್ದೇನು? ಸಿಂಥಸೈಜರ್ ಹಿಡಿದು ನಿಧಾನ ಗತಿಯ, ಉದ್ದುದ್ದ ಹಾಡುಗಳ ಪ್ರೋಗ್ರೆಸಿವ್ ರಾಕ್ (ಪ್ರೋಗ್) ಆಲ್ಬಮ್. ಜೇ ಬೆಂಟ್ಲಿ ರೆಕಾರ್ಡಿಂಗ್ ಶುರುವಾದ ಕೂಡಲೇ ಎದ್ದು ಹೋದ. ಹತ್ತು ಸಾವಿರ ಪ್ರತಿ ಒತ್ತಿಸಿದರು, ಹೆಚ್ಚಿನವು ಅಂಗಡಿಗಳಿಂದ ವಾಪಸ್ ಬಂದವು. ಬ್ಯಾಂಡ್ ಮುರಿದೇ ಹೋಯಿತು.

ಎಲ್ಲರೂ ನಗುತ್ತಾರೆ. ಆದರೆ ಯೋಚಿಸಿ. ಎಪಿಟಾಫ್ ಅನ್ನುವ ಹೆಸರೇ ಕಿಂಗ್ ಕ್ರಿಮ್ಸನ್ ಅನ್ನುವ ಪ್ರೋಗ್ ಬ್ಯಾಂಡಿನ ಹಾಡಿನದ್ದು. ಗ್ರ್ಯಾಫಿನ್ ಟಾಡ್ ರಂಡ್‌ಗ್ರೆನ್ ಭಕ್ತ. ಇಬ್ಬರೂ ಬೆಳೆದದ್ದು ಪ್ರೋಗ್ ಕೇಳಿಕೊಂಡು. ಆ ಹುಡುಗರು ತಮಗೆ ಇಷ್ಟವಾದದ್ದನ್ನೇ ಮಾಡಿದರು, ಪಂಕ್ ಮಂದಿಗೆ ಅದು ಬೇಡವಾಯಿತು. ಯಾರ ಮಾತೂ ಕೇಳದೆ ಇಷ್ಟ ಬಂದದ್ದು ಮಾಡುವುದು ಪಂಕ್ ಅಂತಾದರೆ ಅವರ ಅತಿ ಪಂಕ್ ಆಲ್ಬಮ್ ಅದೇ. ಹಾಡುಗಳೂ ಕೆಟ್ಟದಾಗಿಲ್ಲ.

ಬೋರ್ಡ್_ಮುರಿದವ
ಹಾಡುಗಳು ಕೆಟ್ಟದಾಗಿವೆ.

ಮಲೆನಾಡ್_ಡ್ರಮ್
ಕೆಟ್ಟದಾಗಿಲ್ಲ, ಉದ್ದವಾಗಿವೆ. ಅದರ ಒಂದು ಹಾಡು ಮುಗಿಯುವಷ್ಟರಲ್ಲಿ 1988ರ ‘ಸಫರ್’ ಆಲ್ಬಮ್ಮಿನ ನಾಲ್ಕು ಹಾಡು ಮುಗಿದಿರುತ್ತವೆ.

ಸಿಂಥ್_ಸುಮಾ
ನಗಿ ನಗಿ. ಬ್ಯಾಂಡ್‌ನವರೂ ಅದನ್ನು ವರ್ಷಗಟ್ಟಲೆ ಮುಚ್ಚಿಟ್ಟಿದ್ದರು. ಕೊನೆಗೆ 2010ರ 30 ವರ್ಷದ ವಿನೈಲ್ ಬಾಕ್ಸ್‌ನಲ್ಲಿ ಸೇರಿಸಲೇಬೇಕಾಯಿತು.

ಮಲೆನಾಡ್_ಡ್ರಮ್
ಸರಿ, ಈಗ ‘ಸಫರ್’ಗೆ ಬರೋಣ. 1985ರಲ್ಲಿ ಗ್ರ್ಯಾಫಿನ್ ಒಬ್ಬನೇ ಹಳೇ ದಾರಿಗೆ ಮರಳಿ ‘ಬ್ಯಾಕ್ ಟು ದ ನೋನ್’ ಅಂತ ಇಪಿ ಮಾಡಿದ. ಹೆಸರೇ ಕ್ಷಮಾಪಣೆ ಪತ್ರ. ಗಿಟಾರ್‌ಗೆ ಸರ್ಕಲ್ ಜರ್ಕ್ಸ್‌ನ ಗ್ರೆಗ್ ಹೆಟ್ಸನ್ ಬಂದ. ಬ್ರೆಟ್ ಆ ವರ್ಷಗಳಲ್ಲಿ ಡ್ರಗ್ಸ್ ಚಟದಿಂದ ಹೊರಬರಲು ಒದ್ದಾಡುತ್ತಿದ್ದ, ಅದನ್ನು ಅವನೇ ಮುಚ್ಚುಮರೆ ಇಲ್ಲದೆ ಹೇಳಿಕೊಂಡಿದ್ದಾನೆ. ಆಮೇಲೆ ಚೇತರಿಸಿಕೊಂಡು, ಸೌಂಡ್ ಇಂಜಿನಿಯರಿಂಗ್ ಕಲಿತು, ವೆಸ್ಟ್‌ಬೀಚ್ ಅಂತ ಸ್ಟುಡಿಯೋ ಇಟ್ಟ. 1988ರಲ್ಲಿ ಗ್ರ್ಯಾಫಿನ್, ಬ್ರೆಟ್, ಬೆಂಟ್ಲಿ, ಹೆಟ್ಸನ್, ಫೈನ್‌ಸ್ಟೋನ್ ಐದೂ ಜನ ಅಲ್ಲಿ ಸೇರಿದರು. ಒಂದು ವಾರದ ಆಸುಪಾಸಿನಲ್ಲಿ ರೆಕಾರ್ಡಿಂಗ್ ಮುಗಿಯಿತು. 15 ಹಾಡು, ಎಲ್ಲ ಸೇರಿ 26 ನಿಮಿಷ.

ನಾನು ಡ್ರಮ್ ಕಲಿತದ್ದೇ ಈ ಆಲ್ಬಮ್ ಹಾಕಿಕೊಂಡು. ಕೇಳಲು ಸುಲಭ, ನುಡಿಸಲು ಕೂತರೆ ಗೊತ್ತಾಗುತ್ತದೆ. ಬಲಗೈ ಹೈ-ಹ್ಯಾಟ್ (ಜೋಡಿ ತಾಳದ ತಟ್ಟೆ) ಮೇಲೆ ಒಂದೇ ಸಮ ಓಡಬೇಕು. ಕಾಲಲ್ಲಿ ಒತ್ತುವ ದೊಡ್ಡ ಡ್ರಮ್‌ನ ಕಿಕ್ ಒಂದು ಬಿದ್ದ ತಕ್ಷಣ ಎಡಗೈಯ ಸ್ನೇರ್ (ಮುಂದಿನ ಚಿಕ್ಕ ಡ್ರಮ್), ಮತ್ತೆ ಕಿಕ್, ಮತ್ತೆ ಸ್ನೇರ್. ನಡುವೆ ಉಸಿರಾಡಲು ಜಾಗ ಇಲ್ಲ. ಹೊಸಬರು ಏನು ಮಾಡುತ್ತಾರೆ ಅಂದರೆ ತೋಳಿನಿಂದ ಹೊಡೆಯುತ್ತಾರೆ. ಎರಡನೇ ಹಾಡಿಗೆ ಮುಂಗೈ ಕಲ್ಲಾಗುತ್ತದೆ. ಮಣಿಕಟ್ಟಿನಿಂದ ಹೊಡೆಯಬೇಕು, ಕೋಲನ್ನು ಸಡಿಲ ಹಿಡಿದು ಅದು ಪುಟಿಯಲು ಬಿಡಬೇಕು. ಫೈನ್‌ಸ್ಟೋನ್ ಎಲ್ಲೂ ಕಸರತ್ತು ತೋರಿಸುವುದಿಲ್ಲ. ಹಾಡಿನ ಸಾಲು ಎಲ್ಲಿ ತಿರುಗುತ್ತದೋ ಅಲ್ಲಿ ಮಾತ್ರ ಒಂದು ಚಿಕ್ಕ ರೋಲ್, ಮತ್ತೆ ಓಟ.

ಬೋರ್ಡ್_ಮುರಿದವ
ನಾನು ಹೇಳುತ್ತಿರುವುದೂ ಅದೇ. ‘ಸಫರ್’ 1988, ‘ನೋ ಕಂಟ್ರೋಲ್’ 1989, ‘ಅಗೇನ್‌ಸ್ಟ್ ದ ಗ್ರೇನ್’ 1990. ಮೂರು ವರ್ಷ, ಮೂರು ಆಲ್ಬಮ್, ಒಂದು ಹಾಡೂ ಹಾಳಿಲ್ಲ. ಆಮೇಲೆ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಅರ್ಧ ಬ್ಯಾಂಡ್‌ಗಳು ಈ ಮೂರನ್ನೇ ಕಾಪಿ ಹೊಡೆದಿದ್ದು. ಇದಾದ ಮೇಲೆ ಮನೆಗೆ ಹೋಗಿದ್ದರೂ ನಡೆಯುತ್ತಿತ್ತು.

ಕ್ವಾಯರ್_ಹುಡುಗ
ನಾನು ಮಂಗಳೂರಿನವ. ಚರ್ಚ್ ಕ್ವಾಯರ್‌ನಲ್ಲಿ ಹಾಡಿ ಬೆಳೆದವ. ಈ ಬ್ಯಾಂಡ್ ಕೇಳುತ್ತೇನೆ ಅಂದರೆ ನಮ್ಮ ಮನೆಯಲ್ಲಿ ಆ ಲೋಗೋ ನೋಡಿ ಏನಾಯಿತು ಅಂತ ಬರೆಯುವುದಿಲ್ಲ, ನೀವೇ ಊಹಿಸಿಕೊಳ್ಳಿ ಮಾರಾಯ್ರೆ.

ಆದರೆ ಒಂದು ಮಾತು. ಎಲ್ಲರೂ ಡ್ರಮ್ ಅಂತೀರಿ, ವೇಗ ಅಂತೀರಿ. ಈ ಬ್ಯಾಂಡನ್ನು ಬೇರೆ ಪಂಕ್ ಬ್ಯಾಂಡ್‌ಗಳಿಂದ ಬೇರೆ ಮಾಡುವುದು ಹಿಂದಿನ ಕಂಠಗಳು. ಗ್ರ್ಯಾಫಿನ್ ಹಾಡುವಾಗ ಹಿಂದೆ ಬೆಂಟ್ಲಿ, ಬ್ರೆಟ್ ಸೇರಿ ಮೂರು ಸ್ವರದ ‘ಆ’ ಹಿಡಿಯುತ್ತಾರಲ್ಲ, ಅದು. ಆಲ್ಬಮ್ ಕವರ್‌ಗಳಲ್ಲೂ ಅದನ್ನು ತಮಾಷೆಗೆ ‘ಊಝಿನ್ ಆಹ್ಸ್’ ಅಂತ ಹಾಕಿಕೊಳ್ಳುತ್ತಾರೆ.

ಇದರ ಒಳಗುಟ್ಟು ಹೀಗೆ. ಪಂಕ್ ಗಿಟಾರ್‌ನಲ್ಲಿ ನುಡಿಸುವುದು ಪವರ್ ಕಾರ್ಡ್. ಅದರಲ್ಲಿ ಮೂಲ ಸ್ವರ ಮತ್ತು ಐದನೇ ಸ್ವರ ಮಾತ್ರ ಇರುತ್ತವೆ. ಮೂರನೇ ಸ್ವರ ಇರುವುದಿಲ್ಲ, ಹಾಗಾಗಿ ಅದು ಮೇಜರೋ (ಉಲ್ಲಾಸದ್ದೋ) ಮೈನರೋ (ವಿಷಾದದ್ದೋ) ಅಂತ ಗಿಟಾರ್ ಹೇಳುವುದೇ ಇಲ್ಲ. ಅದನ್ನು ತೀರ್ಮಾನ ಮಾಡುವುದು ಹಾಡುವವರು. ಇವರ ಹಿಂದಿನ ಕಂಠ ಆ ಮೂರನೇ ಸ್ವರ ಹಿಡಿದ ಕ್ಷಣ ಇಡೀ ಹಾಡಿನ ಬಣ್ಣ ಬದಲಾಗುತ್ತದೆ. ‘ಸಾರೋ’ ಹಾಡಿನ ಪಲ್ಲವಿ ಕೇಳಿ ನೋಡಿ. ಸ್ತೋತ್ರ ಹಾಡುವ ಕ್ವಾಯರ್‌ನಲ್ಲೂ ಇದೇ ಕೆಲಸ. ಗ್ರ್ಯಾಫಿನ್ ಚಿಕ್ಕವನಿದ್ದಾಗ ಶಾಲೆಯ ಕ್ವಾಯರ್‌ನಲ್ಲಿ ಹಾಡಿದವನೇ.

ಟ್ಯಾಕ್ಸಿ_ಸಂತು
ಆಹಾ. ಇಷ್ಟು ವರ್ಷ ಕೇಳಿದ್ದೇನೆ, ಇದು ಗಮನಿಸಿರಲಿಲ್ಲ. ಈಗ ಹಾಕಿಕೊಂಡು ಕೂತಿದ್ದೇನೆ.

ಹಳೇ_ಟೇಪು
ಶಿಲುಬೆಗೆ ಗೆರೆ ಎಳೆದವರು ಕ್ರಿಸ್‌ಮಸ್ ಆಲ್ಬಮ್ ಬೇರೆ ಮಾಡಿದ್ದಾರೆ. ದುಡ್ಡು ಮಾಡುವುದಕ್ಕೆ ಇನ್ನೇನು ಬೇಕು.

ಕ್ವಾಯರ್_ಹುಡುಗ
@ಹಳೇ_ಟೇಪು ಮಾಡಿದ್ದು ಹೌದು, 2013ರಲ್ಲಿ. ಹಳೇ ಕ್ಯಾರಲ್‌ಗಳನ್ನೇ ಪಂಕ್ ವೇಗದಲ್ಲಿ ಹಾಡಿದ್ದಾರೆ, ಅಣಕ ಮಾಡದೆ. ಗಳಿಕೆಯ ಶೇ 20ರಷ್ಟನ್ನು ಪಾದ್ರಿಗಳಿಂದ ದೌರ್ಜನ್ಯಕ್ಕೆ ಒಳಗಾದವರ ಸಂಘಟನೆಗೆ ಕೊಟ್ಟರು. ನಂಬುವವನಾಗಿ ನನಗೆ ಅದರಲ್ಲಿ ತಪ್ಪು ಕಾಣಲಿಲ್ಲ. ಚುಚ್ಚಿತು, ಆದರೆ ಚುಚ್ಚಬೇಕಾದ ಜಾಗಕ್ಕೆ ಚುಚ್ಚಿತು.

ಗಿರಿಜಾ_ಟೀಚರ್
ಸಂಗೀತದವರ ನಡುವೆ ಜೀವಶಾಸ್ತ್ರದವಳು ಬರಬಹುದಾ? ನನಗೆ ಈ ಮನುಷ್ಯ ಗೊತ್ತಾಗಿದ್ದು ಹಾಡಿನಿಂದ ಅಲ್ಲ, ಪಕ್ಷಿಯಿಂದ. ಚೀನಾದ ಗನ್ಸು ಪ್ರಾಂತ್ಯದಲ್ಲಿ ಸಿಕ್ಕ, ಸುಮಾರು 12 ಕೋಟಿ ವರ್ಷ ಹಳೆಯ ಹಕ್ಕಿಯ ಪಳೆಯುಳಿಕೆಗೆ 2011ರಲ್ಲಿ ‘ಕಿಲಿಯಾನಿಯಾ ಗ್ರ್ಯಾಫಿನಿ’ ಅಂತ ಹೆಸರಿಟ್ಟರು. ಯಾರಪ್ಪ ಈ ಗ್ರ್ಯಾಫಿನ್ ಅಂತ ಹುಡುಕಿದರೆ ಪಂಕ್ ಗಾಯಕ!

ಬೋರ್ಡ್_ಮುರಿದವ
ಹೌದು ಮೇಡಂ, ಯುಸಿಎಲ್‌ಎಯಲ್ಲಿ ಪಿಎಚ್‌ಡಿ ಮಾಡಿದವರು.

ಗಿರಿಜಾ_ಟೀಚರ್
ಯುಸಿಎಲ್‌ಎಯಲ್ಲಿ ಓದಿದ್ದು ಡಿಗ್ರಿ ಮತ್ತು ಮಾಸ್ಟರ್ಸ್, ಅದೂ ಭೂವಿಜ್ಞಾನ. ಪಿಎಚ್‌ಡಿ ಕಾರ್ನೆಲ್‌ನಲ್ಲಿ, 2003ರಲ್ಲಿ. ಗೈಡ್ ವಿಲಿಯಂ ಪ್ರೊವೈನ್, ವಿಕಾಸವಾದದ ಇತಿಹಾಸದಲ್ಲಿ ದೊಡ್ಡ ಹೆಸರು. ವಿಷಯ ಏನು ಗೊತ್ತಾ? ಹೆಸರಾಂತ ವಿಕಾಸ ವಿಜ್ಞಾನಿಗಳಿಗೆ ಪ್ರಶ್ನಾವಳಿ ಕಳಿಸಿ, ದೇವರ ಬಗ್ಗೆ, ಧರ್ಮದ ಬಗ್ಗೆ ನೀವು ಏನು ಅಂದುಕೊಂಡಿದ್ದೀರಿ ಅಂತ ಕೇಳಿದ್ದು. 149 ಜನ ಉತ್ತರ ಕೊಟ್ಟರು. ಹದಿನೈದನೇ ವಯಸ್ಸಿನಲ್ಲಿ ಗ್ಯಾರೇಜ್‌ನಲ್ಲಿ ಕಿರುಚಿದ್ದನ್ನೇ ಮುಂದೆ ಪ್ರಶ್ನಾವಳಿ ಮಾಡಿ ಕಳಿಸಿದಂತಿದೆ.

ಒಬ್ಬ ಕ್ರೈಸ್ತ ಇತಿಹಾಸ ಪ್ರೊಫೆಸರ್ ಜೊತೆ ದೇವರ ಬಗ್ಗೆ ಇಮೇಲ್‌ನಲ್ಲಿ ವಾದ ಮಾಡಿ, ಅದು 2006ರಲ್ಲಿ ಪುಸ್ತಕವೂ ಆಗಿದೆ. ಬೈಗುಳ ಇಲ್ಲ, ಇಬ್ಬರೂ ಕೇಳಿಸಿಕೊಂಡು ಮಾತಾಡುತ್ತಾರೆ. ಇಲ್ಲಿನ ಮೆಟಲ್ ಗುಂಪಿನವರು ಓದಬೇಕು.

ಕಬ್ಬನ್_ಬಸ್ಯಾ
ಮೇಡಂ, ನಮ್ಮ ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರು ನೆನಪಾದರು. ಪ್ರಶ್ನೆ ಮಾಡದೆ ಏನನ್ನೂ ಒಪ್ಪಬೇಡಿ ಅಂತಿದ್ದರಲ್ಲ. ಅವರ ಕೈಗೆ ಒಂದು ಗಿಟಾರ್ ಕೊಟ್ಟಿದ್ದರೆ...

ಹಳೇ_ಟೇಪು
ಎಚ್ಚೆನ್ ಅವರನ್ನು ಇದಕ್ಕೆಲ್ಲ ಎಳೆಯಬೇಡಿ ದಯವಿಟ್ಟು. ಅವರು ಖಾದಿ ಹಾಕಿಕೊಂಡು ಹಾಸ್ಟೆಲ್ ಕೋಣೆಯಲ್ಲಿ ಬದುಕಿದವರು.

ಕಬ್ಬನ್_ಬಸ್ಯಾ
ಅದಕ್ಕಿಂತ ಪಂಕ್ ಏನಿದೆ ಸಾರ್?

ಮಲೆನಾಡ್_ಡ್ರಮ್
😂 ವಿಷಯಕ್ಕೆ ಬನ್ನಿ. 1994.

ವ್ಯಾಲಿ_ವಾಸು
ಬರುತ್ತೇನೆ. 1993ರಲ್ಲಿ ಬ್ಯಾಂಡ್ ಅಟ್ಲಾಂಟಿಕ್ ಅನ್ನುವ ದೊಡ್ಡ ಕಂಪನಿಗೆ ಸಹಿ ಹಾಕಿತು. ಆ ವರ್ಷದ ‘ರೆಸಿಪಿ ಫಾರ್ ಹೇಟ್’ ಮೊದಲು ಎಪಿಟಾಫ್‌ನಲ್ಲಿ ಬಂತು, ಆಮೇಲೆ ಅಟ್ಲಾಂಟಿಕ್ ಅದನ್ನೇ ಮತ್ತೆ ಬಿಟ್ಟಿತು. ಪರ್ಲ್ ಜ್ಯಾಮ್‌ನ ಎಡ್ಡಿ ವೆಡ್ಡರ್ ಅದರಲ್ಲಿ ದನಿಗೂಡಿಸಿದ್ದಾನೆ. ಈಗ ತಮಾಷೆ ನೋಡಿ. ಬ್ರೆಟ್ ಒಂದು ಕಡೆ ಎಪಿಟಾಫ್‌ನ ಮಾಲೀಕ, ಇನ್ನೊಂದು ಕಡೆ ತನ್ನದೇ ಬ್ಯಾಂಡ್ ಬೇರೆ ಕಂಪನಿಯಲ್ಲಿ. 1994ರ ಏಪ್ರಿಲ್‌ನಲ್ಲಿ ಅವನ ಎಪಿಟಾಫ್‌ನಿಂದ ಆಫ್‌ಸ್ಪ್ರಿಂಗ್‌ನ ‘ಸ್ಮ್ಯಾಶ್’ ಬಂತು. ಒಂದು ಕೋಟಿಗೂ ಜಾಸ್ತಿ ಪ್ರತಿ ಮಾರಾಟ ಆದ ಆಲ್ಬಮ್ ಅದು. ಸ್ವತಂತ್ರ ಲೇಬಲ್ ಒಂದರಿಂದ ಅಷ್ಟು ಯಾವತ್ತೂ ಹೋಗಿರಲಿಲ್ಲ. ಫೋನ್ ಎತ್ತಲು ಜನ ಸಾಲದ ಆಫೀಸು ಬಿಟ್ಟು ಅವನು ಪ್ರವಾಸಕ್ಕೆ ಹೇಗೆ ಹೋಗುತ್ತಾನೆ? ‘ಸ್ಟ್ರೇಂಜರ್ ದ್ಯಾನ್ ಫಿಕ್ಷನ್’ ರೆಕಾರ್ಡ್ ಮುಗಿಸಿ ಬ್ಯಾಂಡ್ ಬಿಟ್ಟ. ಬರೀ ಕೆಲಸದ ಒತ್ತಡವಲ್ಲ, ಒಳಗೆ ಮನಸ್ತಾಪವೂ ಇತ್ತು.

ಅವನ ಜಾಗಕ್ಕೆ ಬಂದದ್ದು ಯಾರು? ಬ್ರಯಾನ್ ಬೇಕರ್. ವಾಷಿಂಗ್ಟನ್‌ನ ಮೈನರ್ ಥ್ರೆಟ್ ಅನ್ನುವ ಪಂಕ್ ಬ್ಯಾಂಡಿನವನು. ಆರ್‌ಇಎಂ ಅನ್ನುವ ದೊಡ್ಡ ರಾಕ್ ಬ್ಯಾಂಡ್ ಜೊತೆ ಪ್ರವಾಸದಲ್ಲಿ ಗಿಟಾರ್ ನುಡಿಸುವ ಅವಕಾಶ ಬಿಟ್ಟು ಇಲ್ಲಿಗೆ ಬಂದ. ಇಂಥವನು ಸೇರಿಕೊಂಡ ಬ್ಯಾಂಡನ್ನು ಸತ್ತದ್ದು ಅನ್ನುತ್ತೀರಾ?

ಬೋರ್ಡ್_ಮುರಿದವ
ಬೇಕರ್ ಒಳ್ಳೇ ಗಿಟಾರಿಸ್ಟ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಾಡು ಬರೆಯುವವನು ಬ್ರೆಟ್. ಜನಕ್ಕೆ ಗೊತ್ತಿರುವ ಹಾಡುಗಳ ಪಟ್ಟಿ ತೆಗೆಯಿರಿ: ‘21ಸ್ಟ್ ಸೆಂಚುರಿ ಡಿಜಿಟಲ್ ಬಾಯ್’, ‘ಜನರೇಟರ್’, ‘ಇನ್‌ಫೆಕ್ಟೆಡ್’, ‘ಸಾರೋ’, ‘ಲಾಸ್ ಏಂಜಲೀಸ್ ಈಸ್ ಬರ್ನಿಂಗ್’. ಎಲ್ಲ ಅವನದ್ದೇ.

ಸಿಂಥ್_ಸುಮಾ
‘ವಿ ಆರ್ ಓನ್ಲಿ ಗಾನಾ ಡೈ’ ಬರೆದದ್ದು ಗ್ರ್ಯಾಫಿನ್, ಹದಿಹರೆಯದಲ್ಲಿ. ಅದನ್ನು ಸಬ್‌ಲೈಮ್ ಬ್ಯಾಂಡಿನವರು 1992ರಲ್ಲಿ ತಮ್ಮ ಆಲ್ಬಮ್‌ನಲ್ಲಿ ಹಾಡಿದರು. ‘ಮಾಡರ್ನ್ ಮ್ಯಾನ್’ ಗ್ರ್ಯಾಫಿನ್. ‘ಪಂಕ್ ರಾಕ್ ಸಾಂಗ್’ ಗ್ರ್ಯಾಫಿನ್. ‘ಸೀಸ್’ ಗ್ರ್ಯಾಫಿನ್. ಈ ಕೊನೆಯದ್ದನ್ನು 1997ರ ತನ್ನ ಸೋಲೋ ಆಲ್ಬಮ್‌ನಲ್ಲಿ ನಿಧಾನವಾಗಿ ಪಿಯಾನೋ ಜೊತೆ ಹಾಡಿದ್ದಾನೆ, ಕೇಳಿ ಬನ್ನಿ. ಆಮೇಲೆ ಮಾತಾಡೋಣ.

ಬೋರ್ಡ್_ಮುರಿದವ
ಮತ್ತೆ ಪಿಯಾನೋ. ನಿಮಗೆ ಕೀ ಒತ್ತುವ ವಾದ್ಯ ಇದ್ದರೆ ಸಾಕು.

ಟ್ಯಾಕ್ಸಿ_ಸಂತು
ಜಗಳ ಚೆನ್ನಾಗಿದೆ, ನಿಲ್ಲಿಸಬೇಡಿ. ‘ಸೀಸ್’ ಇರುವುದು ‘ದ ಗ್ರೇ ರೇಸ್’ನಲ್ಲಿ ಅಲ್ವಾ? 1996, ಬ್ರೆಟ್ ಇಲ್ಲದ ಮೊದಲ ಆಲ್ಬಮ್. ಕ್ರೇಜಿ ಟ್ಯಾಕ್ಸಿಯ ಎರಡು ಹಾಡು ಅದರದ್ದೇ. ಕಾರ್ಸ್ ಬ್ಯಾಂಡಿನ ರಿಕ್ ಒಕಾಸೆಕ್ ಪ್ರೊಡ್ಯೂಸರ್. ನನ್ನ ಪ್ರಕಾರ ‘ಸಫರ್’ ಪಕ್ಕದಲ್ಲಿ ಇಡಬಹುದಾದ ಆಲ್ಬಮ್.

ಬೋರ್ಡ್_ಮುರಿದವ
ಒಂದು ಆಲ್ಬಮ್ ಕೊಟ್ಟೆ, ತಗೋ. ‘ನೋ ಸಬ್‌ಸ್ಟೆನ್ಸ್’ಗೆ ಏನು ಹೇಳುತ್ತೀಯಾ?

ಟ್ಯಾಕ್ಸಿ_ಸಂತು
ಅದು... ಸಾಧಾರಣ.

ಬೋರ್ಡ್_ಮುರಿದವ
‘ದ ನ್ಯೂ ಅಮೆರಿಕಾ’?

ಸಿಂಥ್_ಸುಮಾ
ಅದನ್ನು ನಾನು ಹೇಳುತ್ತೇನೆ. ಗ್ರ್ಯಾಫಿನ್‌ಗೆ ಚಿಕ್ಕಂದಿನಿಂದ ಟಾಡ್ ರಂಡ್‌ಗ್ರೆನ್ ಅಂದರೆ ದೇವರು. (ಅವನಿಗೂ ಒಬ್ಬ ದೇವರು ಇದ್ದ ಅನ್ನಿ.) 2000ದ ಆಲ್ಬಮ್‌ಗೆ ಅವನನ್ನೇ ಪ್ರೊಡ್ಯೂಸರ್ ಮಾಡಿಕೊಂಡು ಹವಾಯಿಗೆ ಹೋದರು. ಫಲ ನಿರೀಕ್ಷಿಸಿದಷ್ಟು ಬರಲಿಲ್ಲ, ನಾನೂ ಒಪ್ಪುತ್ತೇನೆ. ಆದರೆ ಅದರಲ್ಲೇ ‘ಬಿಲೀವ್ ಇಟ್’ ಅಂತ ಒಂದು ಹಾಡಿದೆ. ಗ್ರ್ಯಾಫಿನ್, ಬ್ರೆಟ್ ಸೇರಿ ಬರೆದದ್ದು. ಆರು ವರ್ಷದ ಮುನಿಸಿನ ಮೇಲೆ ಮೊದಲ ಸಲ. ಮುಂದಿನ ವರ್ಷವೇ ಬ್ರೆಟ್ ವಾಪಸ್ ಬಂದ, ಬ್ಯಾಂಡ್ ಎಪಿಟಾಫ್‌ಗೆ ವಾಪಸ್ ಬಂತು, 2002ರಲ್ಲಿ ‘ದ ಪ್ರೋಸೆಸ್ ಆಫ್ ಬಿಲೀಫ್’ ಬಂತು. ಆ ಸೋತ ಆಲ್ಬಮ್ ಇಲ್ಲದಿದ್ದರೆ ನೀವು ಕುಣಿಯುವ ‘ಸಾರೋ’ ಇರುತ್ತಿತ್ತಾ?

ಮಲೆನಾಡ್_ಡ್ರಮ್
ಆ 2002ರ ಆಲ್ಬಮ್‌ನ ಇನ್ನೊಂದು ಕಾರಣ ಡ್ರಮ್. ಆಗಿನ ಡ್ರಮ್ಮರ್ ಬಾಬಿ ಶೇಯರ್ ಭುಜದ ಪೆಟ್ಟಿನಿಂದ ಬಿಡಬೇಕಾಯಿತು, ಬ್ರೂಕ್ಸ್ ವಾಕರ್‌ಮನ್ ಬಂದ. ಮೊದಲ ಹಾಡು ‘ಸೂಪರ್‌ಸಾನಿಕ್’ ಕೇಳಿ. ಐದೇ ಸೆಕೆಂಡಿಗೆ ಹೊಸ ರಕ್ತ ಬಂದದ್ದು ಗೊತ್ತಾಗುತ್ತದೆ. 2015ರಲ್ಲಿ ಅವನು ಅವೆಂಜ್ಡ್ ಸೆವನ್‌ಫೋಲ್ಡ್ ಅನ್ನುವ ಮೆಟಲ್ ಬ್ಯಾಂಡಿಗೆ ಹೋದ, ಈಗ ಜೇಮಿ ಮಿಲ್ಲರ್. ಮೆಟಲ್‌ನವರು ನಮ್ಮ ಹತ್ತಿರ ಕದ್ದ ಡ್ರಮ್ಮರ್ ಅವನು, ನೆನಪಿಟ್ಟುಕೊಳ್ಳಿ.

ಕಬ್ಬನ್_ಬಸ್ಯಾ
ಮೆಟಲ್‌ನವನಾಗಿ ಹೇಳುತ್ತೇನೆ: ಕದ್ದಿಲ್ಲ, ಬಡ್ತಿ ಕೊಟ್ಟಿದ್ದು.

ಉಡುಪಿ_ರಾತ್ರಿಪಾಳಿ
ಸಂತು ಅವರ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಇಷ್ಟು ವರ್ಷ ಬಾಳಿದ್ದು ಹೇಗೆ ಅಂತ. ನನಗೆ ಅನ್ನಿಸುವುದು: ಇವರಿಗೆ ಬ್ಯಾಂಡಿನಿಂದಲೇ ಅನ್ನ ಬೇಯಬೇಕಾಗಿರಲಿಲ್ಲ.

ಗ್ರ್ಯಾಫಿನ್‌ಗೆ ವಿಶ್ವವಿದ್ಯಾಲಯ ಇತ್ತು. ಯುಸಿಎಲ್‌ಎಯಲ್ಲೂ ಕಾರ್ನೆಲ್‌ನಲ್ಲೂ ಪಾಠ ಮಾಡಿದ್ದಾನೆ. ಬ್ರೆಟ್‌ಗೆ ಲೇಬಲ್ ಇತ್ತು. ಎನ್‌ಒಎಫ್‌ಎಕ್ಸ್, ರ‍್ಯಾನ್ಸಿಡ್, ಪೆನ್ನಿವೈಸ್ ಎಲ್ಲ ಅಲ್ಲಿಂದಲೇ. ಆಮೇಲೆ ಆ್ಯಂಟಿ ಅಂತ ಇನ್ನೊಂದು ಲೇಬಲ್, ಅದರಲ್ಲಿ ಟಾಮ್ ವೇಟ್ಸ್ ತರಹದವರು. ಹೆಟ್ಸನ್‌ಗೆ ಸರ್ಕಲ್ ಜರ್ಕ್ಸ್ ಇತ್ತು. ವರ್ಷಕ್ಕೆ ಮುನ್ನೂರು ದಿನ ಒಂದೇ ವ್ಯಾನ್‌ನಲ್ಲಿ ಒಬ್ಬರ ಮುಖ ಒಬ್ಬರು ನೋಡುವ ಶಿಕ್ಷೆ ಇವರಿಗೆ ಇರಲಿಲ್ಲ. ರಾಮೋನ್ಸ್ ಬ್ಯಾಂಡ್ ನೋಡಿ. 1974ರಿಂದ 1996ರವರೆಗೆ 2,263 ಶೋ. ಕೊನೆಕೊನೆಗೆ ಜೋಯಿ, ಜಾನಿ ಒಬ್ಬರಿಗೊಬ್ಬರು ಮಾತಾಡುತ್ತಲೂ ಇರಲಿಲ್ಲ. ಬ್ರೆಟ್ 2001ರಲ್ಲಿ ವಾಪಸ್ ಬಂದ ಮೇಲೂ ಹೆಚ್ಚಾಗಿ ಪ್ರವಾಸಕ್ಕೆ ಹೋಗುವುದಿಲ್ಲ. ಸ್ಟುಡಿಯೋಗೆ ಬರುತ್ತಾನೆ, ಹಾಡು ಕೊಡುತ್ತಾನೆ, ಮನೆಗೆ ಹೋಗುತ್ತಾನೆ. ಕೂಡಿ ಬಾಳಲು ಸ್ವಲ್ಪ ದೂರ ಇರಬೇಕು ಅನ್ನುವುದು ಅಣ್ಣತಮ್ಮಂದಿರು ಪಾಲಾದ ಮನೆ ನೋಡಿದ ಎಲ್ಲರಿಗೂ ಗೊತ್ತು.

ಹಳೇ_ಟೇಪು
ಅಂದರೆ ಹೊಟ್ಟೆ ತುಂಬಿದವರ ಬಂಡಾಯ. ಇದನ್ನೇ ನಾನು ಮೊದಲಿನಿಂದ ಹೇಳಬೇಕು ಅಂತಿದ್ದೆ. ವಿಶ್ವವಿದ್ಯಾಲಯದ ಪ್ರೊಫೆಸರ್, ಕಂಪನಿ ಮಾಲೀಕ, ಇವರು ಪಂಕಾ? ಚಾರ್ಲಿ ಹಾರ್ಪರ್ ನೋಡಿ. ಯುಕೆ ಸಬ್ಸ್, 1976ರಿಂದ. ಬಡ್ಡಿ ಮಗ ಎಂಬತ್ತು ದಾಟಿದರೂ ಬಿಟ್ಟಿಲ್ಲ. ಅವನು ಪಂಕ್.

ಉಡುಪಿ_ರಾತ್ರಿಪಾಳಿ
@ಹಳೇ_ಟೇಪು ಹೊಟ್ಟೆ ತುಂಬಿದ್ದರಿಂದಲೇ ಯಾರಿಗೂ ಹೆದರದೆ ಬರೆಯಬಹುದು ಸಾರ್. 1991ರ ಕೊಲ್ಲಿ ಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಎಲ್ಲರೂ ಹಳದಿ ರಿಬ್ಬನ್ ಕಟ್ಟಿಕೊಂಡು ಓಡಾಡುತ್ತಿದ್ದಾಗ, ಇವರು ಏಳಿಂಚಿನ ರೆಕಾರ್ಡ್ ಬಿಟ್ಟರು. ಒಂದು ಬದಿಯಲ್ಲಿ ಇವರ ಎರಡು ಹಾಡು, ಇನ್ನೊಂದು ಬದಿಯಲ್ಲಿ ನೋಮ್ ಚೋಮ್ಸ್ಕಿಯ ಭಾಷಣ. ಮ್ಯಾಕ್ಸಿಮಮ್ ರಾಕ್‌ಎನ್‌ರೋಲ್ ಪತ್ರಿಕೆಯವರು ತಂದದ್ದು. ‘ಅಮೆರಿಕನ್ ಜೀಸಸ್’ ಕೂಡ ಆ ಯುದ್ಧದ ಗುಂಗಿನಲ್ಲೇ ಹುಟ್ಟಿದ್ದು. 2002ರಲ್ಲಿ ಹವಾಮಾನದ ಮೇಲೆ ‘ಕ್ಯೋಟೋ ನೌ’ ಅಂತ ಹಾಡಿದರು, ಅಮೆರಿಕ ಸರ್ಕಾರ ಕ್ಯೋಟೋ ಒಪ್ಪಂದಕ್ಕೆ ಬೆನ್ನು ತಿರುಗಿಸಿದ ಮರುವರ್ಷ. ಇನ್ನೇನು ಮಾಡಬೇಕಿತ್ತು, ಉಪವಾಸ ಕೂರಬೇಕಿತ್ತಾ?

ಹಳೇ_ಟೇಪು
ಅಟ್ಲಾಂಟಿಕ್‌ಗೆ ಸಹಿ ಹಾಕದೆ ಇರಬಹುದಿತ್ತು.

ವ್ಯಾಲಿ_ವಾಸು
ಆ ಸಹಿ ಬಗ್ಗೆ ಆಗಲೂ ಜನ ಬಾಯಿಗೆ ಬಂದಂತೆ ಬೈದರು. ಆದರೆ ಅಟ್ಲಾಂಟಿಕ್‌ನ ಮೊದಲ ಹೊಸ ಆಲ್ಬಮ್ ‘ಸ್ಟ್ರೇಂಜರ್ ದ್ಯಾನ್ ಫಿಕ್ಷನ್’ ಅಮೆರಿಕದಲ್ಲಿ ಐದು ಲಕ್ಷ ದಾಟಿ ಗೋಲ್ಡ್ ಆಯಿತು. ಕಂಪನಿ ಹಾಡಿನಲ್ಲಿ ಏನೂ ಬದಲಾಯಿಸಲಿಲ್ಲ. ‘ಇನ್‌ಫೆಕ್ಟೆಡ್’ ಕೇಳಿದರೆ ಎಲ್ಲಿ ಮಾರಿಕೊಂಡಿದ್ದಾರೆ ಅಂತ ತೋರಿಸಿ.

ಬೋರ್ಡ್_ಮುರಿದವ
ಡಿಜಿಟಲ್ ಬಾಯ್ ಹಾಡನ್ನು 1990ರಲ್ಲಿ ಒಮ್ಮೆ ಬಿಟ್ಟು, 1994ರಲ್ಲಿ ಅದನ್ನೇ ಮತ್ತೆ ರೆಕಾರ್ಡ್ ಮಾಡಿ ಅಟ್ಲಾಂಟಿಕ್ ಆಲ್ಬಮ್‌ಗೆ ತುರುಕಿದರಲ್ಲ, ಅಲ್ಲಿ. 😏

ವ್ಯಾಲಿ_ವಾಸು
ಅದು ಒಪ್ಪುತ್ತೇನೆ.

ಟ್ಯಾಕ್ಸಿ_ಸಂತು
ವಾಸಣ್ಣ, ನೀವು ಅಲ್ಲೇ ಇರುವವರು, ಲೈವ್ ನೋಡಿದ್ದೀರಾ?

ವ್ಯಾಲಿ_ವಾಸು
ನೋಡಿದ್ದೇನೆ. 2024ರಲ್ಲಿ ಸೋಶಿಯಲ್ ಡಿಸ್ಟಾರ್ಷನ್ ಜೊತೆ ಪ್ರವಾಸ ಇತ್ತು, ಆಗ. ನನ್ನ ಮುಂದೆ ನಿಂತವನ ಬೋಳು ತಲೆ, ಕಿವಿಯಲ್ಲಿ ಹತ್ತಿ, ಬೆನ್ನ ಮೇಲೆ ಅದೇ ಲೋಗೋ. ಪಕ್ಕದಲ್ಲಿ ಅವನ ಮಗಳು, ಹತ್ತು ಹನ್ನೆರಡು ವರ್ಷ ಇರಬೇಕು, ತಲೆಗೆ ದಪ್ಪ ಹೆಡ್‌ಫೋನ್ ತರಹದ್ದು ಹಾಕಿಕೊಂಡು ಎಲ್ಲ ಸಾಲುಗಳನ್ನೂ ಬಾಯಿಪಾಠ ಹಾಡುತ್ತಿದ್ದಳು. ಗ್ರ್ಯಾಫಿನ್ ಸಾದಾ ಅಂಗಿ ಹಾಕಿಕೊಂಡು, ಬೆರಳು ತೋರಿಸಿ ತೋರಿಸಿ ಹಾಡುತ್ತಾನೆ, ಕ್ಲಾಸಿನಲ್ಲಿ ಹೋಮ್‌ವರ್ಕ್ ಮಾಡದವನನ್ನು ಎಬ್ಬಿಸಿದ ಹಾಗೆ. ಹಾಡಿನ ನಡುವೆ ಬೆಂಟ್ಲಿಯದ್ದೇ ಜಾಸ್ತಿ ಮಾತು. ಒಂದು ಹಾಡು ಮುಗಿದು ಚಪ್ಪಾಳೆ ಹೊಡೆಯುವ ಮೊದಲೇ ಇನ್ನೊಂದು ಶುರು.

ಸಿಂಥ್_ಸುಮಾ
ಇಂಡಿಯಾಗೆ ಯಾಕೆ ಬರುವುದಿಲ್ಲವೋ. ಐರನ್ ಮೇಡನ್ 2007ರಲ್ಲಿ, ಮೆಟಾಲಿಕಾ 2011ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೇ ಬಂದರು. ಗ್ರೀನ್ ಡೇ 2025ರಲ್ಲಿ ಮುಂಬೈಗೆ ಬಂದರು.

ಕಬ್ಬನ್_ಬಸ್ಯಾ
ಬಂದರೆ ಪೋಸ್ಟರ್‌ನಲ್ಲಿ ಹೆಸರು ನೋಡಿಯೇ ಅನುಮತಿ ಸಿಗುವುದಿಲ್ಲ ಬಿಡಿ.

ಗಿರಿಜಾ_ಟೀಚರ್
ಗ್ರ್ಯಾಫಿನ್ ಅವರನ್ನು ಜೀವಶಾಸ್ತ್ರದ ಉಪನ್ಯಾಸಕ್ಕೆ ಅಂತ ಕರೆಸಿ. ಗಿಟಾರ್‌ನವರು ಪ್ರಯೋಗಾಲಯ ಸಹಾಯಕರು ಅಂತ ಬರೆಯೋಣ.

ಟ್ಯಾಕ್ಸಿ_ಸಂತು
ಸರಿ, ಗೆಳೆಯನಿಗೆ ಈ ಎಳೆ ಕಳಿಸಿದೆ. ‘ದ ಗ್ರೇ ರೇಸ್’ ಪೂರ್ತಿ ಕೇಳುತ್ತೇನೆ, ಆದರೆ ನೀನು ‘ಇನ್‌ಟು ದಿ ಅನ್‌ನೋನ್’ ಪೂರ್ತಿ ಕೇಳಬೇಕು ಅಂತ ಷರತ್ತು ಹಾಕಿದ್ದಾನೆ. ಸುಮಾ ಅವರೇ, ಎಲ್ಲಿಂದ ಶುರು ಮಾಡಲಿ?

ಸಿಂಥ್_ಸುಮಾ
ಮೊದಲ ಹಾಡಿನಿಂದ. ನಡುವೆ ಓಡಿಸಬಾರದು.

ಬೋರ್ಡ್_ಮುರಿದವ
ಸಂತು, ಬೇಡ. ಆ ಗೆಳೆಯನನ್ನೇ ಬಿಟ್ಟುಬಿಡು.